ಟರ್ಬೊ ಹಾಕಿಸಲೋ, ತುಲಾಭಾರ ಮಾಡಿಸಲೋ

ಆ ಶನಿವಾರ ಸಂಜೆ ನಮ್ಮ ಪುಟ್ಟ ಕಾರಿನಲ್ಲಿದ್ದವರು ನಾಲ್ಕು ಮಂದಿ. ಸ್ಟೀರಿಂಗ್ ಹಿಡಿದವನು ನಾನು. ಪಕ್ಕದಲ್ಲಿ ಹೆಂಡತಿ ಸುಧಾ. ಹಿಂದಿನ ಸೀಟಿನ ಒಂದು ಮೂಲೆಯಲ್ಲಿ, ಬಾಗಿಲಿಗೆ ಅಂಟಿಸಿದ ಸ್ಟಿಕ್ಕರಿನಂತೆ, ಅವಳ ತಮ್ಮ ಚಂದ್ರು. ಉಳಿದಷ್ಟೂ ಸೀಟಿನಲ್ಲಿ, ತೊಡೆಯ ಮೇಲೆ ಶ್ರುತಿಪೆಟ್ಟಿಗೆ ಇಟ್ಟುಕೊಂಡು, ನಮ್ಮ ಸೀತತ್ತೆ. ಸೀತತ್ತೆ ಎಂದರೆ ನನ್ನ ತಂದೆಯ ಅಕ್ಕ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮದುವೆಯ ಗೋಜಿಗೆ ಹೋಗದೆ, ಮಾಟುಂಗದ ಹಳೆಯ ಮನೆಯಲ್ಲಿ ನನ್ನನ್ನು ಸಾಕಿ, ಬೈದು, ತಿದ್ದಿ, ಇವತ್ತು ನಾನು ನಾಲ್ಕು ಜನರೆದುರು ಬಾಯಿಬಿಡುವಷ್ಟು ಕನ್ನಡ ಕಲಿಸಿದವರು. ಅವರ ದನಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು, ದೇಹ... ನಾನು ಹೇಳಹೊರಟಿರುವ ತಾಪತ್ರಯವೆಲ್ಲ ಇರುವುದು ಆ ಮೂರು ಚುಕ್ಕಿಗಳಲ್ಲೇ.

ಕಾರಿನ ವಿಷಯವನ್ನೂ ಹೇಳಿಬಿಡಬೇಕು. ದಿನಾ ನನ್ನನ್ನು ಗೋರೆಗಾಂವಿನಿಂದ ಪರೇಲಿನ ಆಫೀಸಿಗೆ ಹೊತ್ತೊಯ್ದು ಸಂಜೆ ಮರಳಿ ತರುವ ಬಡಪಾಯಿ ಅದು. ಸಮತಟ್ಟು ರಸ್ತೆಯಲ್ಲಿ ಅದರಂಥ ಸಂಭಾವಿತ ಇನ್ನೊಂದಿಲ್ಲ. ಏರು ಕಂಡರೆ ಮಾತ್ರ ಸಾಲ ಕೇಳಲು ಬಂದ ನೆಂಟನನ್ನು ಕಂಡಂತೆ ಕೆಮ್ಮಲು ಶುರುಮಾಡುತ್ತದೆ. ಇಂಥ ಸಣ್ಣ ಕಾರು ಇಟ್ಟುಕೊಂಡ ಮುಂಬಯಿಯ ಮನೆಗಳಲ್ಲಿ ಒಂದು ಪದ್ಧತಿ ಇದೆ: ಫ್ಲೈಓವರ್ ಹತ್ತುವಾಗ ಎಸಿ ಆರಿಸುವುದು. ನಮ್ಮಲ್ಲಿ ಆ ಖಾತೆ ಸೀತತ್ತೆಯದು. ದೂರದಲ್ಲಿ ಫ್ಲೈಓವರಿನ ಬೆನ್ನು ಕಂಡೊಡನೆ "ರಾಘು, ಎಸಿ" ಅನ್ನುತ್ತಾರೆ. ನಾನು ಆರಿಸುತ್ತೇನೆ. ಎಲ್ಲರೂ ಉಸಿರು ಬಿಗಿಹಿಡಿದು, ಬೆನ್ನು ಮುಂದಕ್ಕೆ ಬಾಗಿಸಿ, ಮನಸ್ಸಿನಲ್ಲೇ ಕಾರನ್ನು ತಳ್ಳುತ್ತೇವೆ. ನೆತ್ತಿ ದಾಟಿದ ಮೇಲೆ "ಹ್ಞೂಂ, ಈಗ ಹಾಕು" ಎಂದು ಅಪ್ಪಣೆಯಾಗುತ್ತದೆ. ಶನಿವಾರದ ಭಜನೆಗೆಂದು ಮಾಟುಂಗಕ್ಕೆ ಹೋಗಿಬರುವಷ್ಟರಲ್ಲಿ ನಮಗೆ ಚಳಿಗಾಲ, ಬೇಸಿಗೆಗಳೆಲ್ಲ ಹಲವು ಸಲ ಆಗಿಹೋಗುತ್ತವೆ.

ನನ್ನ ತಂದೆಯವರಿಗೆ ಒಂದು ಸ್ಕೂಟರ್ ಇತ್ತು. ದಿನಾ ಬೆಳಿಗ್ಗೆ ಅದನ್ನು ಪಕ್ಕಕ್ಕೆ ಪೂರ್ತಿ ಬಾಗಿಸಿ, ಅದರ ಕೈಯಲ್ಲಿ ಭೂಮಿತಾಯಿಗೆ ನಮಸ್ಕಾರ ಮಾಡಿಸದ ಹೊರತು ಅದು ಹೊರಡುತ್ತಿರಲಿಲ್ಲ. "ಗಾಡಿ ಅಂದ್ರೆ ಮನೆಮಂದಿ ಇದ್ದ ಹಾಗೆ ಕಣೋ, ಗುಣ ಬದಲಾಯ್ಸಕ್ಕೆ ಹೋಗಬಾರದು, ಹೊಂದ್ಕೊಂಡು ಹೋಗಬೇಕು" ಎನ್ನುತ್ತಿದ್ದರು. ನಾನು ಆ ಮಾತು ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಗೋರೆಗಾಂವಿನ ನಮ್ಮ ಹಳೆಯ ಬಿಲ್ಡಿಂಗನ್ನು ಕೆಡವಿ ಬಿಲ್ಡರ್ ಮಹಾಶಯ ಅಲ್ಲೊಂದು ಟವರ್ ಎಬ್ಬಿಸಿದ್ದಾನೆ. ಕೆಳಗಿನ ಬಾಗಿಲಿಗೆ ಅರಮನೆಯಂತೆ ಕಾಣಲಿ ಎಂದು ಎತ್ತರೆತ್ತರದ ಅಮೃತಶಿಲೆಯ ಮೆಟ್ಟಿಲುಗಳು. ಕಾರುಗಳಿಗೆ ಪ್ರತ್ಯೇಕ ಪಾರ್ಕಿಂಗ್ ಮಹಡಿಗಳು. ಚೀಟಿ ಎತ್ತಿದಾಗ ನಮಗೆ ಬಂದದ್ದು ಎಲ್ಲಕ್ಕಿಂತ ಮೇಲಿನ, ನಾಲ್ಕನೆಯ ಮಹಡಿ. ಅಲ್ಲಿಗೆ ಸುತ್ತಿ ಸುತ್ತಿ ಏರುವ ರ್‍ಯಾಂಪು ಹತ್ತಬೇಕು. ಸೀತತ್ತೆಯ ಮೊಣಕಾಲಿಗೂ ಮೆಟ್ಟಿಲುಗಳಿಗೂ ಎಣ್ಣೆ ಸೀಗೆಕಾಯಿ. ಆದ್ದರಿಂದ ಅವರನ್ನು ಕಾರಿನಲ್ಲೇ ಪಾರ್ಕಿಂಗ್ ಮಹಡಿಗೆ ಒಯ್ದು, ಅಲ್ಲಿ ಸಮತಟ್ಟಾಗಿರುವ ಲಿಫ್ಟಿನ ಬಾಗಿಲಲ್ಲಿ ಇಳಿಸುವುದು ನಮ್ಮ ವಾಡಿಕೆ. ಆ ಶನಿವಾರ ಮಾಟುಂಗದ ಭಜನೆ ಮುಗಿಸಿ ಬಂದಾಗ, ಎಸಿ ಆರಿಸಿದ್ದರೂ, ಎಲ್ಲರೂ ಮುಂದಕ್ಕೆ ಬಾಗಿದ್ದರೂ, ಕಾರು ರ್‍ಯಾಂಪಿನ ಎರಡನೆಯ ತಿರುವಿನಲ್ಲಿ ಒಮ್ಮೆ ನಡುಗಿ, ನಿಂತೇ ಹೋಯಿತು.

ವಾಚ್‌ಮನ್ ಓಡಿಬಂದು ಚಕ್ರಕ್ಕೆ ಕಲ್ಲು ಕೊಟ್ಟ. ಹಿಂದಿನ ಗಲ್ಲಿಯಲ್ಲಿ ಗ್ಯಾರೇಜಿಟ್ಟಿರುವ ವಿಜಾಪುರದ ಬಸಣ್ಣನಿಗೆ ಫೋನು ಹೋಯಿತು. ಸುಧಾ, ಚಂದ್ರು ಇಳಿದು ನಿಂತರು. ಸೀತತ್ತೆ ಒಳಗೇ ಕೂತಿದ್ದರು. ಬಸಣ್ಣ ಬಂದ, ಬಾನೆಟ್ ಎತ್ತಿದ, ಒಳಗೆ ಇಣುಕಿದ, ಯಾರದೋ ಸಾವಿಗೆ ಬಂದವನ ಮುಖ ಮಾಡಿಕೊಂಡು ಬಾನೆಟ್ ಇಳಿಸಿದ.

"ಎಂಜಿನ್ನಿಗೆ ಏನೂ ಆಗಿಲ್ರೀ ಸರ. ಚಲೋ ಐತಿ. ಲೋಡ್ ಜಾಸ್ತಿ ಆಗೇತಿ, ಅಷ್ಟ."

ಹಾಗೆನ್ನುವಾಗ ಅವನ ಕಣ್ಣು ಹಿಂದಿನ ಸೀಟಿನ ಕಡೆಗೆ ಹೋಯಿತು. ಅವನ ಕಣ್ಣಿನ ಹಿಂದೆಯೇ ಚಂದ್ರುವಿನ ಕಣ್ಣು. ಅದರ ಹಿಂದೆ, ಹಾಳಾದ್ದು, ನನ್ನದು. ಸುಧಾ ಒಬ್ಬಳೇ ಗೋಡೆಯ ಮೇಲೆ ಬರೆದಿದ್ದ 'ನಿಧಾನವಾಗಿ ಚಲಿಸಿ' ಎಂಬ ಮರಾಠಿ ಸೂಚನೆಯನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದಳು. ಸೀತತ್ತೆಯೂ ಆ ಕಣ್ಣುಗಳನ್ನು ಕಂಡರು. ಶ್ರುತಿಪೆಟ್ಟಿಗೆಯ ಕೊಂಡಿಯನ್ನು ಟಕ್ಕೆಂದು ಹಾಕಿ, ಕಾರಿನಿಂದ ಇಳಿದರು. ನಾನು ಚಾಚಿದ ಕೈಯನ್ನು ನೋಡಲೂ ಇಲ್ಲ. ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ, ರ್‍ಯಾಂಪು ಹತ್ತಿದರು. ಆಗಲಾದರೂ ಆ ದರಿದ್ರ ಕಾರು ಮಾನ ಕಾಯಬಾರದಿತ್ತೇ? ಇನ್ನೂ ಒಂದಿಷ್ಟು ಹೊತ್ತು ಕೆಟ್ಟು ನಿಲ್ಲಬಾರದಿತ್ತೇ? ಕೀಲಿ ತಿರುಗಿಸಿದ್ದೇ ತಡ, ಸೊಯ್ಯನೆ ಸೀತತ್ತೆಯ ಪಕ್ಕದಲ್ಲೇ ಹಾದು ಮೇಲೆ ಹೋಗಿ ನಿಂತಿತು. ಸುಧಾ ಮತ್ತು ಚಂದ್ರು ಕೂಡ ಇಳಿದಿದ್ದರೆಂಬುದನ್ನು ಆ ಹೊತ್ತಿನಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಮುಂದಿನ ಶನಿವಾರ ಸೀತತ್ತೆಗೆ ತಲೆನೋವು. ಅದರ ಮುಂದಿನ ಶನಿವಾರ ಮನೆಗೆ ಯಾರೋ ಬರುವವರಿದ್ದರು, ಬರಲಿಲ್ಲ. ಆಮೇಲೆ ಭಜನೆಯೇ ಬೇಸರವಾಗಿದೆ ಎಂದರು. ಸೀತತ್ತೆಗೆ ಭಜನೆ ಬೇಸರವಾಗಿದೆ ಎನ್ನುವುದು ಕಾಗೆಗೆ ಪಿಂಡ ಬೇಸರವಾಗಿದೆ ಎಂದ ಹಾಗೆ. ಮಾಟುಂಗದಿಂದ ಭಜನಾ ಮಂಡಳಿಯ ಹೆಂಗಸರ ಫೋನಿನ ಮೇಲೆ ಫೋನು: "ಸೀತಮ್ಮ ಇಲ್ಲದೆ ಒಬ್ಬೊಬ್ಬರದು ಒಂದೊಂದು ಶ್ರುತಿ, ದೇವರೇ ಎದ್ದು ಹೋಗೋ ಹಾಗಿದೆ." ಟ್ಯಾಕ್ಸಿ ಮಾಡಿಕೊಡುತ್ತೇನೆ ಎಂದೆ. "ಯಾಕೆ, ಗೂಡ್ಸ್ ಟೆಂಪೋ ಸಿಗಲಿಲ್ವೇ?" ಎಂದರು. ಅಷ್ಟೇ. ಸಂಜೆಯಾದರೆ ಕಿಟಕಿಯ ಪಕ್ಕ ಕೂತು, ಬಾಯಿ ಮುಚ್ಚಿಕೊಂಡೇ ಏನೋ ಗುನುಗುತ್ತಿದ್ದರು. ಆ ದೊಡ್ಡ ಕಂಠ ಅಷ್ಟು ಸಣ್ಣಗಾದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ತಿಂಡಿಗೂ ಒಂದು ದೋಸೆ ಕಮ್ಮಿ ತಿನ್ನತೊಡಗಿದರು.

"ಹೋಗಿ ಒಂದು ಮಾತು ಹೇಳಬಾರದಾ?" ಎಂದಳು ಸುಧಾ.

"ಏನಂತ?"

"ತಪ್ಪಾಯ್ತು ಅಂತ."

ಹೇಳುವುದು ಸುಲಭ. ಆದರೆ ಯಾವುದಕ್ಕೆ ತಪ್ಪಾಯಿತು ಎನ್ನುವುದು? 'ಅತ್ತೆ, ನೀವು ಭಾರ ಅಂತ ನಾವು ಅಂದ್ಕೊಂಡಿಲ್ಲ' ಎಂದರೆ, ಅಂದುಕೊಂಡಿದ್ದೇವೆ ಎಂದು ಪತ್ರಿಕೆಯಲ್ಲಿ ಹಾಕಿಸಿದ ಹಾಗೆ. ತೂಕದ ಮಾತೆತ್ತದೆ ತೂಕದ ವಿಷಯಕ್ಕೆ ಕ್ಷಮೆ ಕೇಳುವ ವಿದ್ಯೆಯನ್ನು ಅತ್ತೆ ನನಗೆ ಕಲಿಸಿರಲಿಲ್ಲ. ಕಾರು ರ್‍ಯಾಂಪನ್ನು ಕುದುರೆಯಂತೆ ಹತ್ತುವ ಹಾಗೆ ಮಾಡಿಬಿಟ್ಟರೆ? ಆಗ ಅತ್ತೆಯನ್ನು ಕೂರಿಸಿಕೊಂಡು, ಏನೂ ಮಾತಾಡದೆ, ಸುಮ್ಮನೆ ಒಮ್ಮೆ ಹತ್ತಿ ತೋರಿಸಿದರೆ ಸಾಕಲ್ಲ! ಗಂಡಸರ ಬುದ್ಧಿ ಹೀಗೆಯೇ ನೋಡಿ. ಒಂದು ಮಾತಿನಲ್ಲಿ ಮುಗಿಯುವುದಕ್ಕೆ ಸ್ಪ್ಯಾನರು ಹುಡುಕುತ್ತೇವೆ.

ಚಂದ್ರುವಿನ ಹತ್ತಿರ ಉಪಾಯ ಸಿದ್ಧವಾಗಿತ್ತು. ಅವನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾನೆ. ಬಿಡುವಿನಲ್ಲಿ ಕಾರು ಬಿಚ್ಚುವ ವಿಡಿಯೊ ನೋಡುತ್ತಾನೆ, ಅಥವಾ ಇದರ ತಿರುಗುಮುರುಗು. "ಭಾವ, ಸೀದಾ ಟರ್ಬೊ ಹಾಕ್ಸಿ. ಏಕ್‌ದಂ ಮಸ್ತ್ ಪಿಕಪ್. ರ್‍ಯಾಂಪ್ ಕ್ಯಾ ಚೀಜ್ ಹೈ, ಲೋನಾವಳಾ ಘಾಟ್ ನಾಲ್ಕನೇ ಗೇರಲ್ಲಿ ಹತ್ತುತ್ತೆ."

ಪಕ್ಕದ ಫ್ಲ್ಯಾಟಿನ ಸದಾನಂದ ಶೆಟ್ಟರು ಇದನ್ನು ಒಪ್ಪಲಿಲ್ಲ. ಸ್ಟೇಷನ್ ಹತ್ತಿರ ಅವರದೊಂದು ಹೋಟೆಲು. ನನ್ನ ಬೆಳಗಿನ ಮೊದಲ ತಿಂಡಿ ಮನೆಯಲ್ಲಾದರೆ ಎರಡನೆಯದು ಅಲ್ಲಿ. "ಎಂತ ಟರ್ಬೊ ಮಾರಾಯ್ರೆ! ಹೋಟೆಲಿನಲ್ಲಿ ಗಿರಾಕಿ ಹೆಚ್ಚಾದ್ರೆ ನಾವು ಸಣ್ಣ ಗ್ರೈಂಡರಿಗೆ ಗಾಳಿ ಊದ್ತೇವಾ? ದೊಡ್ಡ ಗ್ರೈಂಡರ್ ತರ್ತೇವೆ. ಎಂಜಿನ್ನೇ ಬದಲಾಯ್ಸಿ ರಾಯರೇ. ಅದೇ ಕಂಪೆನಿಯ ದೊಡ್ಡ ಕಾರಿನ ಎಂಜಿನ್ ಕುರ್ಲಾದ ಗುಜರಿಯಲ್ಲಿ ಬೇಕಾದಷ್ಟು ಉಂಟು. ತಂದು ಕೂರಿಸಿದ್ರೆ ಮುಗೀತು."

"ಶೆಟ್ರೇ, ಅಷ್ಟು ದೊಡ್ಡ ಎಂಜಿನ್ ಈ ಡಬ್ಬಿಯೊಳಗೆ ಹಿಡಿಸುತ್ತಾ? ಬಾನೆಟ್ ತೆಗೆದಿಟ್ಟು ಓಡಾಡ್ಬೇಕಾ?" ಎಂದ ಚಂದ್ರು.

"ನಿಮ್ಮ ಟರ್ಬೊ ಹಾಕಿದ್ರೆ ಎಂಜಿನ್ ಬಿಸಿಗೆ ಕರಗಿ ಹೋಗ್ತದಲ್ಲ, ಆಗ ಎಂತ ಮಾಡ್ತೀರಿ? ತುಪ್ಪದ ಹಾಗೆ ಸೌಟಿನಲ್ಲಿ ತೆಗೀತೀರಾ?"

ದಿನಾ ಸಂಜೆ ನಮ್ಮ ಹಾಲಿನಲ್ಲಿ ಇದೇ ರಾಮಾಯಣ. ನಾನು ಸೋಮವಾರ ಟರ್ಬೊ ಪಕ್ಷ, ಮಂಗಳವಾರ ಎಂಜಿನ್ ಪಕ್ಷ. ಬಸಣ್ಣನನ್ನು ಕೇಳೋಣವೆಂದರೆ ಅವನು ಕೇಳಿದವರಿಗೆಲ್ಲ ಹೌದೆನ್ನುವ ಧರ್ಮಾತ್ಮ. ಟರ್ಬೊ ಎಂದರೆ "ಭಾರಿ ವಿಚಾರ ಮಾಡೀರಿ ಸರ", ಎಂಜಿನ್ ಎಂದರೆ "ಅದೂ ಭಾರಿ ವಿಚಾರ ರೀ". ಎಂಜಿನ್ ಬದಲಾಯಿಸಿದರೆ ಆರ್‌ಟಿಓದ ಒಪ್ಪಿಗೆ ಬೇಕಲ್ಲವೇ ಎಂದರೆ "ಬೇಕ್ರಿ", ಸಿಗುತ್ತದೆಯೇ ಎಂದರೆ "ಸಿಗೂದಿಲ್ರಿ", ಹಾಗಾದರೆ ಏನು ಮಾಡುವುದು ಎಂದರೆ "ನೋಡೂಣ್ರಿ".

ಸೀತತ್ತೆ ಅಡುಗೆಮನೆಯಲ್ಲಿ ಕೂತೇ ಇದೆಲ್ಲವನ್ನೂ ಕೇಳುತ್ತಿದ್ದರು. ಯಾರಿಗಾಗಿ ಈ ಗದ್ದಲ ಎಂಬುದು ಅವರಿಗೆ ಗೊತ್ತಿತ್ತೋ ಇಲ್ಲವೋ, ತಿಳಿಯದು. ಒಂದು ದಿನ ಹುರುಳಿಕಾಯಿಯ ತಟ್ಟೆ ಹಿಡಿದು ಹಾಲಿಗೇ ಬಂದರು.

"ಚಂದ್ರು, ಅದೇನೋ ಟರ್ಬೊ ಅಂತೀಯಲ್ಲ, ಅದು ಏನು ಮಾಡುತ್ತೆ?"

ಚಂದ್ರು ಹಿಗ್ಗಿಹೋದ. "ಸಿಂಪಲ್ ಅತ್ತೆ. ಎಂಜಿನ್ ಹೊಗೆ ಬಿಡುತ್ತಲ್ಲ, ಆ ಹೊಗೆ ಹೋಗ್ತಾ ಒಂದು ಫ್ಯಾನ್ ತಿರುಗಿಸುತ್ತೆ. ಆ ಫ್ಯಾನು ಹೊರಗಿನ ಗಾಳೀನ ಜೋರಾಗಿ ಎಂಜಿನ್ ಒಳಗೆ ತುಂಬುತ್ತೆ."

"ಓ, ಊದುಗೊಳವೆ."

"ಕರೆಕ್ಟ್! ಊದುಗೊಳವೆ!"

"ಊದೋದು ಯಾರು? ಒಲೆ ಬಿಟ್ಟ ಹೊಗೆನೇ ವಾಪಸ್ ಬಂದು ಒಲೆ ಊದುತ್ತಾ?" ಸೀತತ್ತೆ ಒಂದು ಕಾಯಿಯ ನಾರು ಎಳೆದು ತೆಗೆದರು. "ಎಂಜಲಾಯ್ತಲ್ಲೋ."

ಹೊಗೆ ಒಳಗೆ ಹೋಗುವುದಿಲ್ಲ, ಬರೀ ಫ್ಯಾನನ್ನು ಮುಟ್ಟುತ್ತದೆ, ಮಧ್ಯೆ ಗೋಡೆ ಇದೆ ಎಂದು ಚಂದ್ರು ಕೈಕಾಲು ಆಡಿಸಿ ಹೇಳಿದ. "ಪಂಕ್ತಿಯ ಮಧ್ಯೆ ನೀರಿನ ಗೆರೆ ಎಳೆದ ಹಾಗೆ ಅನ್ನು" ಎಂದು ಅತ್ತೆ ಅರೆಮನಸ್ಸಿನಿಂದ ಒಪ್ಪಿದರು. ಶೆಟ್ಟರಿಗೆ ಖುಷಿಯೋ ಖುಷಿ. "ಅಮ್ಮ, ನಮ್ಮದರಲ್ಲಿ ಈ ತಾಪತ್ರಯವೇ ಇಲ್ಲ. ಆಕ್ಸಿಡೆಂಟ್ ಆದ ದೊಡ್ಡ ಗಾಡಿ ಇರ್ತದೆ. ಬಾಡಿ ಪೂರ್ತಿ ಹೋಗಿರ್ತದೆ. ಎಂಜಿನ್ ಮಾತ್ರ ಗಟ್ಟಿ ಇರ್ತದೆ. ಅದನ್ನು ತಂದು ಇದರೊಳಗೆ ಹಾಕೂದು."

"ಅಂದ್ರೆ ದೇಹ ಹೋಗಿದೆ, ಒಳಗಿದ್ದಿದ್ದು ಉಳ್ಕೊಂಡಿದೆ."

"ಹಾಂ ಅಮ್ಮ."

"ಬೇರೆ ದೇಹ ಹುಡುಕ್ತಾ ಇದೆ."

"ಹೌದಮ್ಮ, ಸರಿಯಾಗಿ ಹೇಳಿದ್ರಿ!"

"ಅದಕ್ಕೆ ನಮ್ಮ ಕಡೆ ದೆವ್ವ ಅಂತಾರೆ ಶೆಟ್ಟರೇ."

ಅಷ್ಟು ಹೇಳಿ ಒಳಗೆ ಹೋದರು. ಶೆಟ್ಟರು ದೈವ ದೇವರೆಂದರೆ ಮೊದಲೇ ಹೆದರುವವರು. ಕುರ್ಲಾದ ಮಾತನ್ನು ಎರಡು ದಿನ ಎತ್ತಲಿಲ್ಲ. ನನಗೆ ಮಾತ್ರ ಒಳಗೊಳಗೇ ಸಮಾಧಾನ. ಅತ್ತೆ ತಮಾಷೆ ಮಾಡಿದರಲ್ಲ, ಕಾರು ಒಮ್ಮೆ ಹತ್ತಿಬಿಟ್ಟರೆ ಕೂತೇ ಕೂರುತ್ತಾರೆ ಎಂದು ಆಸೆ ಚಿಗುರಿತು.

ಕೊನೆಗೆ ಬಸಣ್ಣ ಒಂದು ಮಾತು ಹೇಳಿದ. "ಮೊದಲ ಎಷ್ಟು ತಾಕತ್ತು ಬೇಕು ನೋಡೂಣ್ರಿ ಸರ. ಅವತ್ತಿನಷ್ಟ ಲೋಡ್ ಹಾಕಿ, ಅದ ರ್‍ಯಾಂಪ್ ಹತ್ತಿಸಿ, ಎಲ್ಲಿ ದಮ್ ಕಟ್ಟತೈತಿ ಕಿವಿಗೊಟ್ಟು ಕೇಳ್ತೀನಿ. ಆಮ್ಯಾಲ ಟರ್ಬೊನೋ ಎಂಜಿನ್ನೋ ಹೇಳ್ತೀನಿ." ಅವತ್ತಿನಷ್ಟು ಲೋಡು ಎಲ್ಲಿಂದ ತರುವುದು? ಅತ್ತೆಯನ್ನೇ ಕೇಳುವಂತಿಲ್ಲ. ಶೆಟ್ಟರ ಹೋಟೆಲಿಗೆ ಇಡ್ಲಿ ಅಕ್ಕಿ ಬಂದಿಳಿದಿತ್ತು. ಇಪ್ಪತ್ತೈದು ಕಿಲೋದ ಮೂಟೆಗಳು. "ನಮ್ಮದೇ ಅಕ್ಕಿ, ಟೆಸ್ಟ್ ಮಾಡಿ ವಾಪಸ್ ತಕೊಂಡು ಹೋಗುವ" ಎಂದರು ಶೆಟ್ಟರು, ಉದಾರವಾಗಿ.

ಪಾರ್ಕಿಂಗಿನ ಕಂಬದ ಮರೆಯಲ್ಲಿ ನಾಲ್ವರು ಗಂಡಸರು ತಲೆಗೆ ತಲೆ ಕೊಟ್ಟು ನಿಂತು, ಸೀತತ್ತೆ ಎಂದರೆ ಎಷ್ಟು ಮೂಟೆ ಎಂದು ಪಿಸುಗುಟ್ಟಿ ಚರ್ಚಿಸಿದೆವು. ಸಾಕಿದ ಋಣಕ್ಕೆ ನಾನು ಎರಡು ಎಂದೆ. "ಭಾವ, ಪ್ರೀತಿ ಬೇರೆ, ಫಿಸಿಕ್ಸ್ ಬೇರೆ. ಮೂರು" ಎಂದ ಚಂದ್ರು. ಹೋಟೆಲಿನವರಿಗೆ ಯಾವಾಗಲೂ ಒಂದು ಪಂಕ್ತಿಗೆ ಹೆಚ್ಚಾಗಿಯೇ ಬೇಯಿಸಿ ಅಭ್ಯಾಸ. ಶೆಟ್ಟರು ನಾಲ್ಕು ಹಾಕಿಸಿದರು. ಮೂಟೆಗಳು ಜಾರಬಾರದೆಂದು ಒಂದರ ಮೇಲೊಂದು ಒರಗಿಸಿ ಬೆಲ್ಟು ಬಿಗಿದೆವು. ಸೀಟಿನಲ್ಲಿ ಅತ್ತೆಯದೊಂದು ಹಳೆಯ ಶಾಲು ಬಿದ್ದಿತ್ತು. ಅಕ್ಕಿಯ ಹುಡಿ ಹಾರದಿರಲಿ ಎಂದು ಚಂದ್ರು ಅದನ್ನು ಮೂಟೆಗಳಿಗೆ ಹೊದಿಸಿದ. ಹಿಂದಿರುಗಿ ನೋಡಿದೆ. ಸೀಟಿನಲ್ಲಿ ಕೂತದ್ದು ಸಾಕ್ಷಾತ್ ಸೀತತ್ತೆ, ಶ್ರುತಿಪೆಟ್ಟಿಗೆಯೊಂದು ಕಮ್ಮಿ.

ನನ್ನ ಪಕ್ಕದಲ್ಲಿ ಬಸಣ್ಣ ಕಣ್ಣು ಮುಚ್ಚಿ, ಸಂಗೀತ ಕಚೇರಿಗೆ ಬಂದವನಂತೆ ಕೂತ. ಚಂದ್ರು, ಶೆಟ್ಟರು ಎರಡು ಬದಿಗೆ ಕಾಲ್ನಡೆಯಲ್ಲಿ. ಮೆರವಣಿಗೆ ಹೊರಟಿತು. ಎರಡನೆಯ ತಿರುವು ದಾಟಿ, ಮೂರನೆಯದರಲ್ಲಿ ಕಾರು ನಡುಗಿ ನಿಂತಿತು. "ಇಲ್ಲೇ ದಮ್ ಕಟ್ಟಿತ್ ನೋಡ್ರಿ!" ಎಂದು ಬಸಣ್ಣ ಕಣ್ಣು ತೆರೆದ. ತೆರೆದವನು ತೆರೆದೇ ಇದ್ದ. ಎದುರಿಗೆ, ಸುಧಾಳ ತೋಳು ಹಿಡಿದು ಸಂಜೆಯ ನಡಿಗೆಗೆಂದು ಪಾರ್ಕಿಂಗ್ ಮಹಡಿಗೆ ಬಂದಿದ್ದ ಸೀತತ್ತೆ ನಿಂತಿದ್ದರು.

ನಿಧಾನವಾಗಿ ಕಾರಿನ ಹತ್ತಿರ ಬಂದು ಹಿಂದಿನ ಕಿಟಕಿಯಲ್ಲಿ ಇಣುಕಿದರು.

"ಯಾರೋ ಅದು ನನ್ನ ಜಾಗದಲ್ಲಿ ಕೂತಿರೋದು?"

ಶೆಟ್ಟರು ಕೊನೆಗೆ, "ಅದು... ಅಕ್ಕಿ ಅಮ್ಮ" ಎಂದರು.

"ಅಕ್ಕಿಗೆ ಚಳಿಯೇ?" ಅತ್ತೆ ಬಾಗಿಲು ತೆಗೆದು ಶಾಲು ಸರಿಸಿದರು. ಬೆರಳು ಮಡಿಸಿ ಎಣಿಸಿದರು. "ಒಂದು, ಎರಡು, ಮೂರು... ಇದು ಯಾರು ನಾಲ್ಕನೇದು? ಇದೂ ನಾನೇನಾ?"

ಸುಧಾ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ನನಗೆ ಭೂಮಿ ಬಾಯ್ತೆರೆಯಬಾರದೇ ಅನ್ನಿಸಿತು. ಆದರೆ ನಾವಿದ್ದದ್ದು ಮೂರನೆಯ ಮಹಡಿಯಲ್ಲಿ, ಬಾಯ್ತೆರೆದರೂ ಎರಡನೆಯದರ ಪಾರ್ಕಿಂಗಿಗೆ ಬೀಳುತ್ತಿದ್ದೆ. ಅತ್ತೆಯ ಮುಖದಲ್ಲಿ ಸಿಟ್ಟೋ ಅಳುವೋ ಬರಬಹುದೆಂದು ಕಾದೆ. ಬಂದದ್ದು, ಹಿಂದೆ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲಿಗೆ ಜಗಳವಾಡುತ್ತಿದ್ದವರನ್ನು ಒಂದೇ ಮಾತಿನಲ್ಲಿ ಕೂರಿಸುತ್ತಿದ್ದರಂತಲ್ಲ, ಆ ಹಳೆಯ ಗತ್ತು.

"ಮನುಷ್ಯರ ತೂಕಕ್ಕೆ ಅಕ್ಕಿ ಇಡೋದಕ್ಕೆ ಏನಂತಾರೆ ಶೆಟ್ಟರೇ?"

ಶೆಟ್ಟರ ಮುಖ ಬಿಳಿಚಿತು. "ತು... ತುಲಾಭಾರ ಅಮ್ಮ."

"ತುಲಾಭಾರಕ್ಕೆ ಅಂತ ಇಟ್ಟ ಅಕ್ಕಿ ವಾಪಸ್ ಹೋಟೆಲಿಗೆ ಹೋಗಬಹುದೋ?"

"ಅಮ್ಮ, ನಾಳೆ ಬೆಳಿಗ್ಗೆ ಇಡ್ಲಿಗೆ..." ಎಂದು ಶುರುಮಾಡಿದವರು ಅರ್ಧಕ್ಕೇ ನಿಲ್ಲಿಸಿ, ಕೆನ್ನೆಗೆರಡು ಏಟು ಹಾಕಿಕೊಂಡರು. "ಇಲ್ಲ ಇಲ್ಲ. ತೆಗೆದಿಟ್ಟ ಮೇಲೆ ಮುಟ್ಟಬಾರದು. ಅದು ಹೌದು ಮಾರಾಯ್ರೆ. ದೇವರದ್ದು ಅದು."

"ಹಾಗಾದ್ರೆ ಶನಿವಾರ ಮಾಟುಂಗದ ದೇವಸ್ಥಾನಕ್ಕೆ ಹೋಗಬೇಕು. ತಕ್ಕಡಿಯಲ್ಲಿ ನಾನು ಕೂತ ಹೊರತು ಅದು ಸಲ್ಲೋದಿಲ್ಲ. ರಾಘು, ಅಕ್ಕಿ ಡಿಕ್ಕಿಗೆ ಹಾಕು. ಹಿಂದಿನ ಸೀಟು ನನ್ನದು."

ಹೀಗೆ, ಯಾವ ಟರ್ಬೊ, ಯಾವ ಎಂಜಿನ್ನಿನ ಸಹಾಯವೂ ಇಲ್ಲದೆ ಸೀತತ್ತೆ ಕಾರಿಗೆ ಮರಳಿದರು. ಮರಳುವಾಗ ಅಕ್ಕಿಯನ್ನೂ ಜತೆಗೆ ತಂದರು. ಶನಿವಾರ ಜರಿಯಂಚಿನ ಸೀರೆ ಉಟ್ಟು, ಶ್ರುತಿಪೆಟ್ಟಿಗೆ ಹಿಡಿದು, ಮಹಾರಾಣಿಯ ಹಾಗೆ ಬಂದು ಕೂತರು. ಅಕ್ಕಿ ತಮ್ಮದಾದ್ದರಿಂದ ಪ್ರಸಾದವಾದರೂ ಸಿಗಲಿ ಎಂದು ಶೆಟ್ಟರು ಹತ್ತಿದರು. ಏನಾಗುತ್ತದೋ ನೋಡಲು ಚಂದ್ರು. ಸುಧಾ ಮುಂದೆ. ಆ ಕಾರು ಹೊರಟ ದೃಶ್ಯ ನೋಡಿ ವಾಚ್‌ಮನ್ ಕೈಮುಗಿದ. ಅಂಧೇರಿಯ ಫ್ಲೈಓವರಿನ ಮೇಲೆ ಸೌದೆ ಹೇರಿದ್ದ ಟೆಂಪೋ ನಮ್ಮನ್ನು ಹಿಂದಿಕ್ಕಿತು. ಆಮೇಲೆ ರಿಕ್ಷಾ. ಸೈಕಲ್ಲಿನಲ್ಲಿ ಬ್ರೆಡ್ ಮಾರುವವನೊಬ್ಬ ಸ್ವಲ್ಪ ದೂರ ನಮ್ಮ ಜತೆಜತೆಗೇ ಬಂದು, ಬೇಸರವಾಗಿ ಮುಂದೆ ಹೋದ. ಅತ್ತೆ ಮಾತ್ರ ಕಿಟಕಿ ಇಳಿಸಿಕೊಂಡು, ಬಾಯಿ ಬಿಟ್ಟು ಹಾಡುತ್ತಿದ್ದರು. ಬೆವರು ಸುರಿಯುತ್ತಿದ್ದರೂ ನನ್ನ ಮನಸ್ಸು ಹಗುರಾಗಿತ್ತು.

ದೇವಸ್ಥಾನದ ಮಂಟಪದಲ್ಲಿ ಸರಪಳಿಗಳಿಂದ ತೂಗುಬಿಟ್ಟ ದೊಡ್ಡ ತಕ್ಕಡಿ. ಭಜನಾ ಮಂಡಳಿಯ ಹೆಂಗಸರೆಲ್ಲ ಸುತ್ತ ನೆರೆದರು. ಸೀತತ್ತೆ ದೇವರಿಗೆ ನಮಸ್ಕರಿಸಿ, ಒಂದು ತಟ್ಟೆಯಲ್ಲಿ ಪದ್ಮಾಸನಕ್ಕೆ ಹತ್ತಿರವಾದ ಒಂದು ಆಸನ ಹಾಕಿ ಕೂತರು. ಆ ಕಡೆ ಒಂದು ಮೂಟೆ ಇಟ್ಟರು. ಅತ್ತೆ ಅಲುಗಲಿಲ್ಲ. ಎರಡನೆಯದು ಇಟ್ಟರು. ತಟ್ಟೆ ಸ್ವಲ್ಪ ಮಿಸುಕಿತು. ಮೂರನೆಯದನ್ನು ಪೂರ್ತಿ ಇಡುವ ಮೊದಲೇ ಸೀತತ್ತೆ ಮೆಲ್ಲಗೆ, ಹಕ್ಕಿಯ ಹಾಗೆ, ಗಾಳಿಯಲ್ಲಿ ಮೇಲೆದ್ದರು. ಹೆಂಗಸರು ಘಂಟೆ ಬಾರಿಸಿದರು. ಅತ್ತೆ ಮೇಲಿನಿಂದಲೇ ಚಂದ್ರುವನ್ನು, ಶೆಟ್ಟರನ್ನು, ನನ್ನನ್ನು ಒಬ್ಬೊಬ್ಬರನ್ನಾಗಿ ನೋಡಿದರು. ನೆಲದ ಮೇಲೆ ನಾಲ್ಕನೆಯ ಮೂಟೆ ಅನಾಥವಾಗಿ ಕೂತಿತ್ತು.

"ಇದನ್ನೇನು ಮಾಡೋದು ಅಮ್ಮ?" ಎಂದು ಶೆಟ್ಟರು, ಇನ್ನೂ ಇಡ್ಲಿಯ ಆಸೆ ಬಿಡದೆ, ಕೇಳಿದರು.

"ದೇವರ ಎದುರಿಗೆ ಬಂದಿದ್ದು. ರಾಘು, ನೀನು ಕೂತ್ಕೋ."

ನಾನು ಬೇಡವೆಂದೆ. ಪೂಜೆಯ ಭಟ್ಟರು "ಒಳ್ಳೇದೇ, ಕೂತ್ಕೊಳ್ಳಿ" ಎಂದರು. ನನ್ನ ತೂಕ ನಾನು ನೋಡಿಕೊಂಡು ವರ್ಷಗಳೇ ಆಗಿದ್ದವು. ಕೂತೆ. ಮೂರು ಮೂಟೆ ಆಗಲೇ ಆ ಕಡೆ ಇದ್ದವು. ನನ್ನ ತಟ್ಟೆ ನೆಲಕ್ಕೆ ಕಚ್ಚಿಕೊಂಡಿತ್ತು. ನಾಲ್ಕನೆಯದು ಬಂತು. ಸರಪಳಿ ಒಮ್ಮೆ ಕಿರ್ರೆಂದಿತು, ತಟ್ಟೆ ಏಳಲಿಲ್ಲ. "ಇನ್ನೂ ಬೇಕು" ಎಂದರು ಭಟ್ಟರು. ಶೆಟ್ಟರು ಎದುರಿನ ಅಂಗಡಿಗೆ ಓಡಿ ಬೆಲ್ಲ ತಂದರು. "ಇನ್ನೂ." ಯಾರೋ ತಮ್ಮ ಕೈಯಲ್ಲಿದ್ದ ತೆಂಗಿನಕಾಯಿ ಇಟ್ಟರು. ಇನ್ನೊಬ್ಬರು ಬಾಳೆಗೊನೆ. ಹೆಂಗಸರು ಘಂಟೆ ಬಾರಿಸುವುದನ್ನು ಬಿಟ್ಟು ನಗುತ್ತಿದ್ದರು. ಕೊನೆಗೆ ನಾನು ನೆಲದಿಂದ ಮೇಲೆದ್ದಾಗ ಎದುರು ತಟ್ಟೆಯಲ್ಲಿ ಒಂದು ಸಣ್ಣ ಮದುವೆ ಮಾಡುವಷ್ಟು ಸಾಮಾನಿತ್ತು.

ಆ ತಟ್ಟೆಯಲ್ಲಿ ತೂಗಾಡುತ್ತ ನನಗೆ ಜ್ಞಾನೋದಯವಾಯಿತು. ಲೋಡು ಎಂದರೆ ಎಲ್ಲರೂ ಹಿಂದಿನ ಸೀಟಿನ ಕಡೆಗೆ ನೋಡುತ್ತಾರೆ. ಸ್ಟೀರಿಂಗಿನ ಹಿಂದೆ ಕೂತವನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅವನು ಕಾರಿನ ಒಂದು ಭಾಗವೇ ಎಂಬ ಹಾಗೆ. ಬಸಣ್ಣ ಹಿಡಿಯಲಿಲ್ಲ, ಫಿಸಿಕ್ಸ್ ಬಲ್ಲ ಚಂದ್ರು ಹಿಡಿಯಲಿಲ್ಲ, ಸ್ವತಃ ನಾನಂತೂ ಹಿಡಿಯಲೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯಲು ಕುರ್ಲಾದವರೆಗೆ ಹೊರಟಿದ್ದೆ. ಸೀತತ್ತೆ ಹತ್ತಿರ ಬಂದರು. ಈಗ ಒಂದು ದೊಡ್ಡ ಏಟು ಬೀಳುತ್ತದೆ, ಬೀಳಲಿ, ನ್ಯಾಯವೇ ಎಂದು ತಲೆತಗ್ಗಿಸಿದೆ. ಅವರು ನನ್ನ ಕೆನ್ನೆ ಸವರಿದರು. ನಾನು ಚಿಕ್ಕವನಿದ್ದಾಗ ಜ್ವರ ನೋಡುತ್ತಿದ್ದ ಹಾಗೆ.

"ಪಾಪ" ಎಂದರು. ಸ್ವಲ್ಪ ತಡೆದು, "ಆ ಕಾರು" ಎಂದು ಸೇರಿಸಿದರು.

"ಅತ್ತೆ, ತಪ್ಪಾಯ್ತು" ಎಂದೆ. ಯಾವುದಕ್ಕೆ ಎಂದು ಅವರು ಕೇಳಲಿಲ್ಲ.

ಕಾರಿಗೆ ಟರ್ಬೊ ಬರಲಿಲ್ಲ, ಎಂಜಿನ್ನೂ ಬದಲಾಗಲಿಲ್ಲ. ಚಂದ್ರು ಈಗಲೂ ವಿಡಿಯೊ ಕಳಿಸುತ್ತಾನೆ. ಶೆಟ್ಟರ ಹೋಟೆಲಿನಲ್ಲಿ ನಾನು ಎರಡನೆಯ ತಿಂಡಿ ನಿಲ್ಲಿಸಿದ್ದಕ್ಕೆ ಅವರು ಎಂಜಿನ್ನಿನ ಮಾತನ್ನೇ ಬಿಟ್ಟು ಬೇರೆ ಕೊರಗಿನಲ್ಲಿದ್ದಾರೆ. ಮೊನ್ನೆ ಶನಿವಾರ ಭಜನೆ ಮುಗಿಸಿ ಬಂದಾಗ ಕಾರು ರ್‍ಯಾಂಪಿನ ಬುಡದಲ್ಲಿ ನಿಂತಿತು. ಹಿಂದಿನ ಸೀಟಿನಿಂದ "ರಾಘು, ಇಳಿ" ಎಂದು ಅಪ್ಪಣೆಯಾಯಿತು. ಇಳಿದೆ. ಸುಧಾ ನನ್ನ ಜಾಗಕ್ಕೆ ಸರಿದು ಕೂತು, ಅತ್ತೆಯನ್ನೂ ಚಂದ್ರುವನ್ನೂ ಹೊತ್ತು ಭರ್ರೆಂದು ಮೇಲೆ ಹೋದಳು. ನಾನು ಗೋಡೆ ಹಿಡಿದುಕೊಂಡು ತಿರುವಿನ ಮೇಲೆ ತಿರುವು ಹತ್ತಿದೆ. ಮೇಲೆ ತಲುಪಿದಾಗ ವಾಚ್‌ಮನ್ ಬೆರಗಾಗಿ ನಿಂತಿದ್ದ.

"ಸಾಬ್, ಗಾಡಿ ತೋ ಏಕ್‌ದಂ ಉಡ್ ಗಯೀ! ಟರ್ಬೊ ಲಗ್ವಾಯಾ ಕ್ಯಾ?"

ಗಾಡಿ ಹಾರಿಯೇ ಹೋಯಿತಲ್ಲ, ಟರ್ಬೊ ಹಾಕಿಸಿದಿರಾ ಎಂದು ಕೇಳಿದವನಿಗೆ ಉತ್ತರ ಕೊಡುವಷ್ಟು ಉಸಿರಿರಲಿಲ್ಲ. ಹೌದೆಂದು ತಲೆಯಾಡಿಸಿ ಕಂಬಕ್ಕೆ ಒರಗಿದೆ. ನನ್ನ ಅವಸ್ಥೆ ನೋಡಿ ಅವನು ಓಡಿಹೋಗಿ ತನ್ನ ಕುರ್ಚಿ ತಂದು ಹಾಕಿದ. ಅದು ಪ್ಲಾಸ್ಟಿಕ್ ಕುರ್ಚಿ. ನಾನು ಕೂರಲಿಲ್ಲ.